ಕಿಟಕಿಗೆ ಹಿಡಿದ ಎರಡು ಕಾಗದ

ಎಂಬತ್ತೆಂಟರ ಆಷಾಢ, ಶುಕ್ರವಾರ ಬೆಳಗ್ಗೆ ಹತ್ತು ಗಂಟೆ. ರಾಜಾಜಿನಗರದ ಪಂಪು ಕಾರ್ಖಾನೆಯ ಕಂಪ್ಯೂಟರ್ ಕೋಣೆಗೆ ಎಂಜಿನಿಯರ್ ಚಕ್ರಪಾಣಿ ಟೇಪಿನ ಡಬ್ಬಿ ಹಿಡಿದು ಬಂದರು. ಬಂದವರಿಂದ ಬಾಗಿಲಲ್ಲೇ ಚಪ್ಪಲಿ ಬಿಡಿಸುವುದು ಅಟೆಂಡರ್ ಬೈರಯ್ಯನ ಕೆಲಸ.

"ಆಷಾಢದಲ್ಲಿ ಹೊಸದು ತರ್ತಾರಾ ಸಾರ್?"

"ಇದು ಮದುವೆ ಅಲ್ಲ ಬೈರಯ್ಯ, ಸಾಫ್ಟ್‌ವೇರು," ಎಂದು ಚಕ್ರಪಾಣಿ ನಕ್ಕರು.

ಹಳೆಯದು ಹೋಗಿ ಹೊಸದು ಕೂತಿತು. ಮಧ್ಯಾಹ್ನದ ಹೊತ್ತಿಗೆ ಸ್ಟೋರ್ಸು, ಶೆಡ್ಡು, ಗೇಟು ಎಲ್ಲ ಕಡೆಯ ಟರ್ಮಿನಲ್ಲುಗಳೂ ಸತ್ತಂತೆ ನಿಂತವು. ಯಾವ ಟರ್ಮಿನಲ್ ಎಲ್ಲಿದೆ, ಯಾವ ಪ್ರಿಂಟರಿಗೆ ಎಷ್ಟು ಅಗಲದ ಕಾಗದ ಎಂದು ಯಂತ್ರಕ್ಕೆ ಹೇಳುವ ಸೆಟ್ಟಿಂಗ್ ಫೈಲೊಂದಿತ್ತು. ಆಪರೇಟರ್ ತುಂಗಾ ಅದನ್ನು ಎರಡು ವರ್ಷ ತಿದ್ದಿ ತಿದ್ದಿ ಹದಕ್ಕೆ ತಂದಿದ್ದಳು. ಟೇಪು ಅದರ ಮೇಲೆಯೇ ತನ್ನದನ್ನು ಬರೆದುಬಿಟ್ಟಿತ್ತು.

ಮ್ಯಾನೇಜರ್ ಶ್ಯಾಮಸುಂದರ ಬಾಗಿಲಲ್ಲೇ ನಿಂತು, "ನಾಳೆ ಸಂಜೆಯೊಳಗೆ ನಡೀಬೇಕು ತುಂಗಾ. ಇಲ್ಲಾಂದ್ರೆ ಸೋಮವಾರದಿಂದ ನೀವು ಟೈಪಿಂಗ್ ಸೆಕ್ಷನ್‌ಗೆ ವಾಪಸ್," ಎಂದು ಹೋದರು. ಈ ಕುರ್ಚಿಗಾಗಿ ಅವಳು ವಿಜಯನಗರದ ಸಂಜೆ ಕಂಪ್ಯೂಟರ್ ಕ್ಲಾಸಿಗೆ ಎಷ್ಟು ಓಡಾಡಿದ್ದಳೆಂದು ಬೈರಯ್ಯನಿಗೆ ಗೊತ್ತಿತ್ತು. ಅವನು ಬೀರು ತೆಗೆದ. ಫೈಲು ತಿದ್ದಿದಾಗಲೆಲ್ಲ ಒಂದು ಪ್ರಿಂಟ್ ಅವನ ಕೈಗೆ ಬರುತ್ತಿತ್ತು. ಅವನು ಹಳೆಯದು ಕೆಳಗೆ, ಹೊಸದು ಮೇಲೆ ಮಾಡಿ ಹೂವಿನ ದಾರದಲ್ಲಿ ಕಟ್ಟಿಡುತ್ತಿದ್ದ.

ಚಕ್ರಪಾಣಿ ಮೇಲಿನ ಪ್ರಿಂಟನ್ನು ನೋಡಿಕೊಂಡು ಇಡೀ ಫೈಲನ್ನು ಮತ್ತೆ ಟೈಪ್ ಮಾಡಿದರು. ಯಂತ್ರ ಏಳಲೇ ಇಲ್ಲ. ಹೊಸ ಸಾಫ್ಟ್‌ವೇರಿಗೆ ಬೇಕಾದ ಕೆಲವು ಸಾಲುಗಳು ಹಳೆಯದರಲ್ಲಿ ಇರಲಿಲ್ಲ.

"ಹೊಸ ಫೈಲೇ ಇರಲಿ ಸಾರ್. ನಾವು ತಿದ್ದಿದ್ದನ್ನ ಮಾತ್ರ ಅದಕ್ಕೆ ಸೇರಿಸೋಣ," ಅಂದಳು ತುಂಗಾ.

ಟೇಪಿನಿಂದ ಹೊಸದನ್ನು ಮತ್ತೆ ಹಾಕಿ ಅದರದೂ ಪ್ರಿಂಟ್ ತೆಗೆದರು. ಮುನ್ನೂರು ಸಾಲು, ಎಲ್ಲ ಒಂದೇ ಥರ. ಶನಿವಾರ ಬೆಳಗ್ಗೆಯೂ ಇಬ್ಬರೂ ವ್ಯತ್ಯಾಸ ಹುಡುಕುತ್ತಲೇ ಇದ್ದರು.

"ಅಮ್ಮಾವ್ರೇ, ಇಲ್ಲಿ ಕೊಡಿ," ಅಂದ ಬೈರಯ್ಯ. ಅವನ ಹೆಂಡತಿ ಅಂಜಮ್ಮ ಕಸೂತಿ ಹೂವನ್ನು ಕಿಟಕಿ ಗಾಜಿಗೆ ಹಿಡಿದು ಇನ್ನೊಂದು ಕಾಗದಕ್ಕೆ ಇಳಿಸುತ್ತಿದ್ದಳು. ಹಾಗೆಯೇ ಅವನು ಎರಡು ಪ್ರಿಂಟನ್ನೂ ಹಾಳೆ ಹಾಳೆಯಾಗಿ ಒಂದರ ಮೇಲೊಂದು ಗಾಜಿಗೆ ಒತ್ತಿದ.

"ಇಂಗ್ಲಿಷ್ ಯಾವಾಗ ಕಲಿತ್ರಿ?" ಚಕ್ರಪಾಣಿ ಕಿಚಾಯಿಸಿದರು.

"ಓದಕ್ಕೆಲ್ಲಿ ಬರುತ್ತೆ ಸಾರ್! ಅಕ್ಷರದ ಮೇಲೆ ಅಕ್ಷರ ಕೂಡದೆ ಕಪ್ಪಾಗಿ ಕಂಡದ್ದು ಬೇರೆ ಬೇರೆ, ಅಷ್ಟೇ. ನೋಡಿ, ಇಲ್ಲಿಂದ ಕೆಳಗೆ ಪೂರ್ತಿ ಗಲೀಜು. ಅಂದ್ರೆ ಇಲ್ಲೊಂದು ಸಾಲು ಜಾಸ್ತಿ."

ಒಂದು ಸಾಲು ಜಾರಿಸಿದ, ಮತ್ತೆ ಕೂಡಿತು. ಅವನು ಬೆರಳಿಟ್ಟಲ್ಲೆಲ್ಲ ತುಂಗಾ ಗುರುತು ಹಾಕಿದಳು. "ಇದು ನಂದು. ಇದು ಟೇಪಿಂದು."

ಅವಳದನ್ನು ಸೇರಿಸಿದ ಮೇಲೆ ಸ್ಟೋರ್ಸು, ಶೆಡ್ಡು ಎದ್ದವು. ಗೇಟಿನ ಪ್ರಿಂಟರ್ ಮಾತ್ರ ಅರ್ಧರ್ಧ ಸಾಲು ಉಗುಳಿತು.

"ನಾನು ಗೇಟಿಂದು ಯಾವತ್ತೂ ಮುಟ್ಟಿಲ್ಲವಲ್ಲ ಬೈರಣ್ಣ!"

"ನೀವಲ್ಲ ಕಣಮ್ಮ. ಹೋದ ವರ್ಷ ಗೌರಿ ಹಬ್ಬದ ಹಿಂದಿನ ದಿನ ನೀವು ರಜ. ಸ್ಟೋರ್ಸ್ ನಾಗರಾಜು ಗೇಟಿಗೆ ಸಣ್ಣ ಕಾಗದ ತಂದಿದ್ದ. ಮ್ಯಾನೇಜರ್ರೇ ಕೂತು ತಿದ್ದಿದ್ರು. ನಾನು ಬಿಡದೆ ಪ್ರಿಂಟ್ ಈಸ್ಕೊಂಡೆ."

ಕಟ್ಟಿನ ನಡುವಿಂದ ಆ ದಿನದ್ದನ್ನೂ ಅದರ ಕೆಳಗಿನದನ್ನೂ ಎಳೆದು ಗಾಜಿಗೆ ಹಿಡಿದ. ಒಂದೇ ಒಂದು ಸಾಲು ಕಪ್ಪಾಗಿ ಕಂಡಿತು. ಟೇಪಿನದೆಂದು ತುಂಗಾ ಬಿಟ್ಟಿದ್ದ ಸಾಲೇ ಅದು.

ಅದನ್ನೂ ಸೇರಿಸಿದ ಮೇಲೆ, ಮೂರೂವರೆಗೆ ಗೇಟಿನಿಂದ ನೆಟ್ಟಗೆ ಅಚ್ಚಾದ ಚೀಟಿ ಬಂತು. ಶ್ಯಾಮಸುಂದರ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಟೈಪಿಂಗ್ ಸೆಕ್ಷನ್ನಿನ ಮಾತೆತ್ತದೆ ಹೊರಟುಹೋದರು.

"ಸೋಮವಾರ ಬೇಗ ಬರ್ತೀನಿ ಬೈರಣ್ಣ," ಎಂದು ತುಂಗಾ ಹೊಸ ಪ್ರಿಂಟ್ ಕೊಟ್ಟಳು. ಅವನು ಅದನ್ನು ಎಲ್ಲಕ್ಕಿಂತ ಮೇಲಿಟ್ಟು ದಾರ ಬಿಗಿದ.

ಚಕ್ರಪಾಣಿ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು, ಟೇಪಿನ ಡಬ್ಬಿ ಕಂಕುಳಲ್ಲಿ ಇರುಕಿಕೊಂಡು, ಆ ಶನಿವಾರ ನಾಲ್ಕು ಗಂಟೆಗೆ ಹೋದರು.