ಸಜಾತಿ ಧ್ರುವಗಳು

ಬಸವೇಶ್ವರನಗರದ ಶಂಭುಲಿಂಗಪ್ಪ ಮೇಷ್ಟ್ರು ನಿವೃತ್ತರಾಗಿದ್ದರೂ ಅವರ ಗಂಟಲು ಮಾತ್ರ ಇನ್ನೂ ಸರ್ವೀಸಿನಲ್ಲಿತ್ತು. ಭಾನುವಾರ ಮನೆಯಲ್ಲಿ ಟ್ಯೂಷನ್ ನಡೆದರೆ ಎದುರು ಮನೆಯವರಿಗೂ ವಿಜ್ಞಾನ ಉಚಿತ.

"ಸಜಾತಿ ಧ್ರುವಗಳು?"

"ವಿಕರ್ಷಿಸುತ್ತವೆ ಸಾರ್!"

"ವಿಜಾತಿ ಧ್ರುವಗಳು?"

"ಆಕರ್ಷಿಸುತ್ತವೆ ಸಾರ್!"

ಕಾಗದದ ಮೇಲೆ ಕಬ್ಬಿಣದ ಪುಡಿ ಉದುರಿಸಿ, ಕೆಳಗೆ ಆಯಸ್ಕಾಂತ ಹಿಡಿದು, "ನೋಡ್ರೋ, ಕಾಂತಕ್ಷೇತ್ರ ಕಣ್ಣಿಗೆ ಕಾಣಲ್ಲ. ಆದ್ರೆ ಕಾಗದ ಅಡ್ಡ ಇಟ್ರೂ ಎಳೆಯೋದನ್ನ ಎಳೆದೇ ಎಳೆಯುತ್ತೆ" ಎಂದು ಹೆಮ್ಮೆಯಿಂದ ಹೇಳಿ ಮಕ್ಕಳನ್ನು ಕಳುಹಿಸಿದರು. ಆಮೇಲೆ ಅಡ್ಡ ನಿಲ್ಲುವ ಕೆಲಸವನ್ನು ತಾವೇ ವಹಿಸಿಕೊಂಡರು.

ಮಗಳು ಕೀರ್ತನಾಗೆ ಬಾಪೂಜಿ ನಗರದ ಮಹೇಶನ ಮೇಲೆ ಮನಸ್ಸಾಗಿತ್ತು. ಹುಡುಗ ಒಳ್ಳೆಯವನು, ಕೆಲಸವೂ ಒಳ್ಳೆಯದು, ಜಾತಿ ಮಾತ್ರ ಬೇರೆ. ಹಾಗಾಗಿ ಮೇಷ್ಟ್ರು 'ನಮ್ಮವರೇ' ಆದ ಒಂದು ಕುಟುಂಬವನ್ನು ಅಂದೇ ಹೆಣ್ಣು ನೋಡಲು ಕರೆದಿದ್ದರು. ನಂಟರ ಮುಂದೆ ತಲೆ ಎತ್ತುವುದು ಹೇಗೆಂಬ ಭಯ ಪಾಪ, ಅವರಿಗೆ ನಿಜವಾಗಿಯೂ ಇತ್ತು.

"ಅಪ್ಪ, ಇಷ್ಟೊತ್ತು ಮಕ್ಕಳಿಗೆ ಏನ್ ಹೇಳ್ಕೊಟ್ರಿ?" ಎಂದಳು ಕೀರ್ತನಾ.

"ಅದು ಆಯಸ್ಕಾಂತಕ್ಕೆ ಕಣೇ! ಮನುಷ್ಯರಿಗಲ್ಲ."

ಅವಳು ಎರಡು ಉದ್ದನೆಯ ಆಯಸ್ಕಾಂತಗಳನ್ನು ಅವರ ಮುಂದಿಟ್ಟಳು. "ಕೆಂಪು ತುದಿಗೆ ಕೆಂಪು ತುದಿ ಸೇರ್ಸಿ ನೋಡೋಣ."

ಮೇಷ್ಟ್ರಿಗೆ ಹಠ ಬಂತು. ಹಲ್ಲು ಕಚ್ಚಿ, ಎರಡನ್ನೂ ಟೇಬಲ್ಲಿನ ಮೇಲೆ ಒತ್ತಿ ಹಿಡಿದರು. "ಸೇರ್ತಲ್ಲ! ಹಿಡಿಯೋರು ಗಟ್ಟಿ ಇರ್ಬೇಕು ಅಷ್ಟೆ. ನಾನೂ ನಿಮ್ಮಮ್ಮನೂ ಸೇರ್ಲಿಲ್ವಾ?"

ಕೇಸರಿಬಾತಿನ ಸೌಟು ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಗಿರಿಜಾದೇವಿಗೆ ಇದು ಕೇಳಿಸಿತು.

"ಮೂವತ್ತು ವರ್ಷದಿಂದ ನಾನು ಹಿಡ್ಕೊಂಡೇ ಇದೀನಿ ಕಣ್ರೀ" ಎಂದರು. "ಕೈ ನೋಯ್ತಾ ಇದೆ."

ಮೇಷ್ಟ್ರ ಬೆರಳು ಸಡಿಲವಾಯಿತು. ಒಂದು ಆಯಸ್ಕಾಂತ ಗಿರ್ರನೆ ತಿರುಗಿ, ತನ್ನ ನೀಲಿ ತುದಿಯನ್ನು ಇನ್ನೊಂದರ ಕೆಂಪು ತುದಿಗೆ ಟಪ್ಪನೆ ಅಂಟಿಸಿಕೊಂಡಿತು. ಅಷ್ಟರಲ್ಲಿ ಕಾಲಿಂಗ್ ಬೆಲ್ ಆಯಿತು.

ಅವರು ಹೆಂಡತಿಯ ಮುಖವನ್ನೇ ನೋಡಿದರು. ಇಷ್ಟು ವರ್ಷ ಆ ಮುಖಕ್ಕೂ ಪಾಠವನ್ನೇ ಮಾಡಿದ್ದರೇ ಹೊರತು ಒಂದು ಪ್ರಶ್ನೆ ಕೇಳಿರಲಿಲ್ಲ. ನಾಚಿಕೆಯಾಯಿತು. ಹೋಗಿ ಬಾಗಿಲು ತೆಗೆದು, ಬಂದವರಿಗೆ ಕೈ ಮುಗಿದರು.

"ಬನ್ನಿ, ಕೇಸರಿಬಾತ್ ತಿನ್ಕೊಂಡು ಹೋಗಿ. ತಪ್ಪು ತಿಳ್ಕೋಬೇಡಿ, ನಮ್ಮ ಹುಡುಗಿಗೆ ಬೇರೆ ಕಡೆ ಗಂಡು ಗೊತ್ತಾಗಿದೆ."