ಅಕ್ಷರವಿಲ್ಲದ ಪುಸ್ತಕದಲ್ಲಿ ಒಂದು ತಪ್ಪು

ಮೂವತ್ತೆರಡು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದ ತಾತನಿಗೆ ಅಲ್ಲಿನವರು ಬೆನ್ನ ಹಿಂದೆ ಇಟ್ಟ ಹೆಸರು 'ಒತ್ತಕ್ಷರ'. ಅಂಗಡಿ ಬೋರ್ಡು, ಬಸ್ ಟಿಕೆಟ್ಟು, ಔಷಧಿ ಚೀಟಿ, ಯಾವುದನ್ನೂ ಅವರು ಸುಮ್ಮನೆ ಓದಿದವರಲ್ಲ. ಮದುವೆ ಕರೆಯೋಲೆ ಕೊಡಲು ಬಂದವರು ಕಾಫಿ ಮುಗಿಸುವಷ್ಟರಲ್ಲಿ ಅದರ ಮೇಲೆ ನಾಲ್ಕು ಕೆಂಪು ಗೀಟು ಬಿದ್ದಿರುತ್ತಿದ್ದವು.

ಅಂಥವರ ಕೈಗೆ ಒಂದು ಸಂಜೆ ಸೊಸೆ ಪುಸ್ತಕವೊಂದನ್ನು ಕೊಟ್ಟಳು. ಅವಳು ಶಿಶುವಿಹಾರದ ಟೀಚರು. ಎರಡು ದಿನದಿಂದ ಗಂಟಲು ಕಟ್ಟಿಕೊಂಡು ಸ್ವರವೇ ಹೊರಡುತ್ತಿರಲಿಲ್ಲ.

"ಮಾವ, ನಾಳೆ ಒಂದು ಗಂಟೆ ನನ್ನ ಮಕ್ಕಳನ್ನ ನೋಡ್ಕೋತೀರಾ? ಇದನ್ನ ತೋರಿಸಿದರೆ ಸಾಕು," ಎಂದು ಪಿಸುಗುಟ್ಟಿದಳು.

ತಾತ ಹಾಳೆ ತಿರುವಿದರು. ಮತ್ತೆ ತಿರುವಿದರು. "ಏನಮ್ಮಾ ಇದು, ಅಕ್ಷರ ಅಚ್ಚಾಗೋಕೆ ಮುಂಚೆಯೇ ಬೈಂಡ್ ಮಾಡಿಬಿಟ್ಟಿದ್ದಾರೆ!"

"ಅದು ಇರೋದೇ ಹಾಗೆ. ಚಿತ್ರ ನೋಡಿ ಯಾರಿಗೆ ಏನನ್ನಿಸ್ತಿದೆ ಅಂತ ಮಕ್ಕಳೇ ಹೇಳಬೇಕು. ಖುಷಿ, ದುಃಖ, ಭಯ, ಎಲ್ಲ ಅವರಿಗೆ ಗೊತ್ತಾಗಲಿ ಅಂತ."

"ಹೇಳಿಬಿಟ್ಟರೆ ಗೊತ್ತಾಗಲ್ವೇ?"

ಸೊಸೆಗೆ ವಾದ ಮಾಡಲು ಗಂಟಲಿರಲಿಲ್ಲ. ತಾತ ಅದನ್ನೇ ಒಪ್ಪಿಗೆ ಎಂದುಕೊಂಡರು. ಊಟಕ್ಕೆ ಮುಂಚೆಯೇ ಪೆನ್ಸಿಲ್ ಹಿಡಿದು ಕೂತು, ಪ್ರತಿ ಚಿತ್ರದ ಕೆಳಗೂ ದುಂಡಗೆ ಬರೆದರು: 'ಕರಡಿಮರಿ ಕಟ್ಟಿಗೆಯ ತುಂಡುಗಳಿಂದ ಗೋಪುರ ಕಟ್ಟಿತು.' 'ಮೊಲದ ಕಾಲು ತಾಗಿ ಗೋಪುರ ಬಿತ್ತು.' 'ಕರಡಿಮರಿಗೆ ಸಿಟ್ಟು ಬಂದಿತು.' ಪೂರ್ಣವಿರಾಮ ಇಟ್ಟ ಮೇಲೆಯೇ ಅವರಿಗೆ ಊಟ ರುಚಿಸಿದ್ದು.

ಮರುದಿನ ಚಾಪೆಯ ಮೇಲೆ ಹದಿನೆಂಟು ಮಕ್ಕಳು. ತಾತನಿಗೆ ಸಿಕ್ಕ ಕುರ್ಚಿ ಎಷ್ಟು ಗಿಡ್ಡವೆಂದರೆ, ಕೂತಾಗ ಮಂಡಿ ಕಿವಿಯ ಹತ್ತಿರ ಬಂತು. ಗೋಪುರ ಕಟ್ಟಿದ್ದಾಯಿತು, ಬಿದ್ದದ್ದೂ ಆಯಿತು. ಮೂರನೆಯ ಚಿತ್ರ ಎತ್ತಿಹಿಡಿದು ತಾತ ಗಂಭೀರವಾಗಿ ಓದಿದರು, "ಕರಡಿಮರಿಗೆ ಸಿಟ್ಟು ಬಂದಿತು."

"ತಪ್ಪು," ಎಂದಿತು ಒಂದು ದನಿ.

ತಾತ ಕನ್ನಡಕ ಏರಿಸಿಕೊಂಡರು. ಆ ಪದವನ್ನು ಅವರು ಲಕ್ಷ ಸಲ ಹೇಳಿದ್ದರೇ ಹೊರತು ಯಾರ ಬಾಯಿಂದಲೂ ಕೇಳಿರಲಿಲ್ಲ. ಹೇಳಿದವಳು ಮುಂದಿನ ಸಾಲಿನ, ಮೂಗು ಸೋರುತ್ತಿದ್ದ ಒಬ್ಬ ಪುಟಾಣಿ. ಎಲ್ಲರೂ ಅವಳನ್ನು ಗುಬ್ಬಿ ಎನ್ನುತ್ತಿದ್ದರು.

"ತಪ್ಪು ಹೇಗೆ? ಹಲ್ಲು ಕಚ್ಚಿದೆ, ಮುಖ ಕೆಂಪಗಾಗಿದೆ. ಸಿಟ್ಟಲ್ಲದೆ ಮತ್ತೇನು?"

ಗುಬ್ಬಿ ಎದ್ದು ಬಂದು ಕರಡಿಯ ಗಲ್ಲದ ಮೇಲೆ ಬೆರಳಿಟ್ಟಳು. "ಇಲ್ಲಿ ನೋಡಿ ತಾತ, ನಡುಗ್ತಾ ಇದೆ. ಅದಕ್ಕೆ ಅಳು ಬರ್ತಿದೆ. ಯಾರಿಗೂ ಕಾಣಬಾರದು ಅಂತ ಸಿಟ್ಟು ಮಾಡ್ಕೊಂಡಿದೆ. ನಮ್ಮಪ್ಪನೂ ಹಂಗೇ."

"ನಮ್ಮಜ್ಜಿನೂ!" ಎಂದ ಇನ್ನೊಬ್ಬ. "ಮೊಲಕ್ಕೆ ಹೊಟ್ಟೆನೋವು," ಎಂದ ಮತ್ತೊಬ್ಬ. ಬೆಳಗ್ಗೆಯಿಂದ ಅವನಿಗೇ ಹೊಟ್ಟೆನೋವಿತ್ತು. ತರಗತಿ ಸಂತೆಯಾಯಿತು.

ತಾತ ಮಾತ್ರ ಕರಡಿಯ ಗಲ್ಲವನ್ನೇ ನೋಡುತ್ತ ಕೂತರು. ಅವರಿಗೆ ಎಂಟು ತಿಂಗಳ ಹಿಂದಿನ ತಮ್ಮ ಬೀಳ್ಕೊಡುಗೆ ನೆನಪಾಗಿತ್ತು. ಅಂದು ಪ್ರೆಸ್ಸಿನವರು ಕೊಟ್ಟ ಮಾನಪತ್ರದಲ್ಲಿ 'ನಮ್ಮೆಲ್ಲರ ಪ್ರೀತಿಪಾತ್ರರು' ಎನ್ನುವ ಕಡೆ 'ನಮ್ಮೆಲ್ಲರ ಪ್ರೇತಪಾತ್ರರು' ಎಂದು ಅಚ್ಚಾಗಿತ್ತು. ಅದನ್ನು ಬರೆದು ಕಂಪೋಸ್ ಮಾಡಿದವನು ಅವರ ಜೀವದ ಗೆಳೆಯ. ತಾತ ತುಂಬಿದ ಸಭೆಯಲ್ಲಿ ಅವನ ಮೇಲೆ ಹರಿಹಾಯ್ದು, ಮಾನಪತ್ರವನ್ನು ಮೇಜಿನ ಮೇಲೆ ಕುಕ್ಕಿ, ಬೋಂಡಾ ಕೂಡ ಮುಟ್ಟದೆ ಹೊರಟುಬಂದಿದ್ದರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

"ತಾತ, ನಿಮ್ಮ ಗಲ್ಲನೂ ನಡುಗ್ತಿದೆ," ಎಂದಳು ಗುಬ್ಬಿ.

"ಚಳಿ," ಎಂದರು ತಾತ. ಹದಿನೆಂಟು ಮಕ್ಕಳೂ ಒಟ್ಟಿಗೆ ತಲೆ ಎತ್ತಿ ಬಿಸಿಲು ಸುರಿಯುತ್ತಿದ್ದ ಕಿಟಕಿಯನ್ನು ನೋಡಿದವು.

ಗಂಟೆ ಬಾರಿಸಿದ್ದೇ ತಡ, ತಾತ ಮನೆಗೆ ಹೋಗದೆ ನೇರ ಗೆಳೆಯನ ಮನೆಗೆ ನಡೆದರು. ಬಾಗಿಲು ತೆರೆದ ಗೆಳೆಯ ಹುಬ್ಬು ಗಂಟಿಕ್ಕಿ ನಿಂತ. ಹಿಂದಿನ ದಿನವಾಗಿದ್ದರೆ ತಾತ ಅಲ್ಲಿಂದಲೇ ತಿರುಗಿ ಬರುತ್ತಿದ್ದರು. ಈಗ ಅವರ ಕಣ್ಣು ಅವನ ಗಲ್ಲಕ್ಕೆ ಹೋಯಿತು.

"ಅವತ್ತು ನನಗೆ ಸಿಟ್ಟು ಬಂದಿರಲಿಲ್ಲ ಕಣೋ," ಎಂದರು.

"ಮತ್ತೆ? ಅಷ್ಟು ಕೂಗಾಡಿದ್ದು ಹಾಡೇನು?"

"ಅಳು ಬಂದಿತ್ತು. ನಾಳೆಯಿಂದ ಪ್ರೆಸ್ಸಿಗೆ ಬರೋ ಹಾಗಿಲ್ಲವಲ್ಲ ಅಂತ. ಅಷ್ಟು ಜನರ ಮುಂದೆ ಅಳೋದು ಹೇಗೆ? ಆ ತಪ್ಪು ಕಾಣಿಸ್ತು, ಅದನ್ನೇ ಹಿಡ್ಕೊಂಡೆ."

ಗೆಳೆಯ ಬಾಗಿಲ ಚೌಕಟ್ಟನ್ನು ಸವರಿದ. "ನಾನಾದರೂ ಏನು ಮಾಡಲಿ? ಮಾನಪತ್ರ ನಿನಗೆ ಗೊತ್ತಾಗದ ಹಾಗೆ ಮಾಡಬೇಕಿತ್ತು. ಪ್ರೆಸ್ಸಿನಲ್ಲಿ ತಪ್ಪು ಹಿಡಿಯೋನು ನೀನೊಬ್ಬನೇ. ನಿನಗೇ ತೋರಿಸೋ ಹಾಗಿಲ್ಲ!"

ತಾತನಿಗೆ ಇದು ಹೊಳೆದೇ ಇರಲಿಲ್ಲ. ಮೊದಲು ಅವರ ಹೊಟ್ಟೆ ಕುಲುಕಿತು, ಆಮೇಲೆ ಭುಜ. ಇಬ್ಬರೂ ಹೊಸ್ತಿಲಲ್ಲೇ ನಿಂತು, ಪಕ್ಕದ ಮನೆಯವರು ಇಣುಕಿ ನೋಡುವ ಹಾಗೆ ನಕ್ಕರು. ನಗುವಿನ ನಡುವೆ ಕಣ್ಣೊರೆಸಿಕೊಂಡದ್ದನ್ನು ಯಾರೂ ಬಚ್ಚಿಡಲಿಲ್ಲ.

ಗೆಳೆಯ ಒಳಗೆ ಹೋಗಿ, ಜೋಪಾನವಾಗಿ ಎತ್ತಿಟ್ಟಿದ್ದ ಮಾನಪತ್ರ ತಂದುಕೊಟ್ಟ. ತಾತ ಅದನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದರು.

"ಚೆನ್ನಾಗಿ ಬರೆದಿದ್ದೀಯ," ಎಂದರು.

ಗೆಳೆಯ ಅವರ ಮುಖವನ್ನೇ ದಿಟ್ಟಿಸಿದ. "ಇನ್ನೂ ಎಷ್ಟು ತಪ್ಪು ಸಿಕ್ಕವು?"

"ಎರಡು," ಎಂದರು ತಾತ, ಮಾನಪತ್ರವನ್ನು ಎದೆಗೊತ್ತಿಕೊಂಡು.