ಹಿಂದಿನ ಸೀಟಿನ ಚಳಿ

ಸೂಪರ್‌ವೈಸರ್ ಫೋನು ಬಂದಾಗ ಡ್ರೈವರಮ್ಮ ಡಯಾಲಿಸಿಸ್ ಕೇಂದ್ರದ ಗೇಟಿನ ಹತ್ತಿರ ಕಾರಿನ ಗಾಜು ಒರೆಸುತ್ತಿದ್ದಳು.

"ನಿಮ್ಮ ಗಾಡೀಲಿ ಕೂತೋರು ಗಡಗಡ ನಡುಗ್ತಾರಂತೆ. ಕಂಪ್ಲೇಂಟ್ ಬಂದಿದೆ. ಇನ್ನೊಂದು ಬಂದ್ರೆ ಈ ಟ್ರಿಪ್ ಬೇರೆಯವರಿಗೆ ಕೊಟ್ಬಿಡ್ತೀನಿ."

"ಯಾರು ಹೇಳಿದ್ದು?"

"ಯಾರಾದ್ರೇನು? ಏಸಿ ಸರಿ ಮಾಡ್ಕೊಳ್ಳಿ."

ಆ ಕಾರಿನಲ್ಲಿ ಬರುವವರೇ ಇಬ್ಬರು. ವಾರಕ್ಕೆ ಮೂರು ದಿನ, ನಾಲ್ಕು ಗಂಟೆ ಹೊತ್ತು ಯಂತ್ರದ ಪಕ್ಕ ಮಲಗಿ ಎದ್ದ ಅವರನ್ನು ಮಧ್ಯಾಹ್ನ ಮನೆ ಮುಟ್ಟಿಸುವುದು ಅವಳ ಕೆಲಸ. ಮುಂದಿನ ಸೀಟಿನಲ್ಲಿ ನಿವೃತ್ತ ಮೇಷ್ಟ್ರು. ಅಂಗಡಿ ಬೋರ್ಡುಗಳ ಕಾಗುಣಿತದಿಂದ ಹಿಡಿದು ಅವಳು ಗೇರು ಬದಲಿಸುವ ರೀತಿಯವರೆಗೆ ಎಲ್ಲದರಲ್ಲೂ ತಪ್ಪು ಹುಡುಕುವವರು. ಡ್ರೈವರಮ್ಮನ ಬೆನ್ನ ಹಿಂದೆ ಟೈಲರಮ್ಮ. ಸೂಜಿ ಚುಚ್ಚಿಸಿಕೊಂಡ ಕೈಯನ್ನು ಎಳೆಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡು, ಏನು ಕೇಳಿದರೂ "ಪರವಾಗಿಲ್ಲ" ಅನ್ನುವ ಹೆಂಗಸು. ಚಾಡಿ ಹೇಳಿದ್ದು ಮೇಷ್ಟ್ರೇ, ಅದರಲ್ಲಿ ಅನುಮಾನವೇ ಇಲ್ಲ ಎಂದುಕೊಂಡಳು.

ಈ ಟ್ರಿಪ್ ಕೈತಪ್ಪಿದರೆ ಮತ್ತೆ ರೈಲ್ವೆ ಸ್ಟೇಷನ್ನಿನ ಸಾಲಿನಲ್ಲಿ ನಿಂತು, ಮುಖವನ್ನೂ ನೋಡದೆ ಹತ್ತಿ ಮುಖವನ್ನೂ ನೋಡದೆ ಇಳಿಯುವವರನ್ನು ಹೊತ್ತು ತಿರುಗಬೇಕು. ಇಲ್ಲಾದರೆ ಐದು ನಿಮಿಷ ತಡವಾದರೂ "ಏನಮ್ಮಾ, ಹುಷಾರಾಗಿದ್ದೀಯಾ?" ಎಂದು ಕೇಳುವವರಿದ್ದರು. ಮಗಳು ಮದುವೆಯಾಗಿ ಹೋದ ಮೇಲೆ ಹಾಗೆ ಕೇಳುವವರು ಬೇರೆ ಯಾರೂ ಉಳಿದಿರಲಿಲ್ಲ.

ಅಂದು ಇಬ್ಬರೂ ಬಂದು ಕೂರುವ ಮೊದಲೇ ಏಸಿ ಗಾಳಿ ಬರುವ ಹಿಂದಿನ ಎರಡು ಕಿಂಡಿಗಳನ್ನು ಪೂರ್ತಿ ಮುಚ್ಚಿದಳು. ನಡುವಿನವನ್ನೂ ಮುಚ್ಚಿ, ಮೇಷ್ಟ್ರ ಪಕ್ಕದ್ದನ್ನು ಒಂದು ಎಳೆಯಷ್ಟು ಮಾತ್ರ ತೆರೆದಿಟ್ಟಳು.

"ಎಲ್ಲಾ ಮುಚ್ಚಿದೀನಿ ಮೇಷ್ಟ್ರೇ. ಈಗ ಸಮಾಧಾನಾನಾ?"

"ನಂಗೇನಾಗಿತ್ತು? ಪೇಪರ್ ಹಾರ್ತಿತ್ತು, ಅಷ್ಟೇ," ಎಂದು ಮೇಷ್ಟ್ರು ಪತ್ರಿಕೆ ಬಿಡಿಸಿದರು.

ಒಂದು ಕಿಂಡಿ ಮುಚ್ಚಿದರೆ ಅದರ ಗಾಳಿ ಎಲ್ಲಿ ಹೋದೀತು? ಎಲ್ಲವೂ ಸೇರಿ ಪೂರ್ತಿ ತೆರೆದಿದ್ದ ಒಂದರಿಂದಲೇ ನುಗ್ಗತೊಡಗಿತು. ಅದು ಅವಳ ಬಾಗಿಲ ಪಕ್ಕದ್ದು, ಅವಳ ಕುತ್ತಿಗೆಗೆ ನೇರವಾಗಿ ತಿರುಗಿಸಿಟ್ಟಿದ್ದು.

ಮೂರನೇ ಸಿಗ್ನಲ್ಲಿನಲ್ಲಿ ಅವಳಿಗೆ ಅದು ಶುರುವಾಯಿತು. ಎದೆಯಲ್ಲಿ ಯಾರೋ ಒಲೆ ಹಚ್ಚಿದಂತೆ. ಅಲ್ಲಿಂದ ಕುತ್ತಿಗೆಗೆ, ಕಿವಿಗೆ, ತಲೆಗೂದಲಿನ ಬುಡಕ್ಕೆ. ಕೈ ತಾನೇ ಹೋಗಿ ಗಾಳಿಯನ್ನು ಎರಡರಿಂದ ನಾಲ್ಕಕ್ಕೆ ತಿರುಗಿಸಿತು. ಹಾಯೆನಿಸಿತು. ಕನ್ನಡಿಯಲ್ಲಿ ನೋಡಿದರೆ ಟೈಲರಮ್ಮ ಶಾಲನ್ನು ಕಿವಿಯವರೆಗೆ ಎಳೆದುಕೊಂಡು, ನೋವಿನ ಕೈಯನ್ನು ಅದರೊಳಗೆ ಬಚ್ಚಿಡುತ್ತಿದ್ದಳು.

"ಹಿಂದೆ ಗಾಳೀನೇ ಇಲ್ವಲ್ಲ ಟೈಲರಮ್ಮ, ಇನ್ನೂ ಚಳಿನಾ?"

"ಪರವಾಗಿಲ್ಲ ಅಕ್ಕಾ. ನಿಮ್ಮ ಹೆಗಲ ಮೇಲಿಂದ ಸ್ವಲ್ಪ ಬರ್ತಿದೆ, ಅಷ್ಟೇ."

ಡ್ರೈವರಮ್ಮ ಸೀಟಿಗೂ ಬಾಗಿಲಿಗೂ ನಡುವಿನ ಸಂದಿಯಲ್ಲಿ ಅಂಗೈ ಹಿಂದಕ್ಕೆ ಚಾಚಿ ನೋಡಿದಳು. ಬಾವಿಯ ನೀರಿನಂಥ ತಣ್ಣನೆ ಗಾಳಿ. ಬಿಸಿಲಿನಲ್ಲಿ ಹಿಂದೆ ಕೂತವರು ಬೇಯುತ್ತಾರೆ, ಅದಕ್ಕೇ ಜೋರಾಗಿಟ್ಟಿದ್ದೇನೆ ಎಂದು ನಾಲ್ಕು ತಿಂಗಳಿಂದ ತನಗೆ ತಾನೇ ಹೇಳಿಕೊಂಡು ಬಂದಿದ್ದಳು. ನಿಮಗೆ ಸೆಕೆಯಾ ಎಂದು ಅವರನ್ನು ಒಮ್ಮೆಯೂ ಕೇಳಿರಲಿಲ್ಲ.

ಸಿಗ್ನಲ್ ದಾಟಿ ಕಾರನ್ನು ಬದಿಗೆ ಹಾಕಿ ಏಸಿ ಆರಿಸಿದಳು. ಅರೆ ನಿಮಿಷದಲ್ಲಿ ಹಣೆಯಿಂದ ಬೆವರು ಧಾರೆಯಾಗಿ ಇಳಿಯಿತು.

"ಏನಾಯ್ತಮ್ಮಾ?" ಮೇಷ್ಟ್ರು ಗಾಬರಿಯಾದರು.

"ಸೆಕೆ ನಂಗೆ, ಮೇಷ್ಟ್ರೇ. ನಿಮಗೆ ಯಾರಿಗೂ ಅಲ್ಲ, ನಂಗೆ. ಮುಟ್ಟು ನಿಂತಾಗಿಂದ ಹೀಗೇ, ಹೊತ್ತು ಗೊತ್ತು ಇಲ್ಲದೆ ಮೈ ಹೊತ್ತಿ ಉರಿಯುತ್ತೆ. ನಿಮಗೋಸ್ಕರ ಅಂತ ನೆಪ ಹೇಳಿ ನಾನು ತಂಪು ಮಾಡ್ಕೋತಿದ್ದೆ. ನೀವು ಕಂಪ್ಲೇಂಟ್ ಮಾಡಿದ್ದು ಸರಿಯಾಗೇ ಇದೆ."

"ನಾನೆಲ್ಲಿ ಮಾಡ್ದೆ?"

ಹಿಂದಿನಿಂದ ಸಣ್ಣ ಧ್ವನಿ ಬಂತು. "ಫೋನ್ ಮಾಡಿದ್ದು ನಾನು ಅಕ್ಕಾ. ಮುಖಕ್ಕೆ ಹೇಳೋಕೆ ಬಾಯಿ ಬರ್ಲಿಲ್ಲ."

ಡ್ರೈವರಮ್ಮ ಹಿಂದಕ್ಕೆ ತಿರುಗಿದಳು. "ಅದಕ್ಕೆ ದಿನಾ ಪರವಾಗಿಲ್ಲ, ಪರವಾಗಿಲ್ಲ ಅಂತಿದ್ದೆಯಾ, ಮಾರಾಯ್ತಿ!"

"ನೀವು ಮಾತ್ರ ಬಾಯಿ ಬಿಟ್ಟು ಹೇಳಿದ್ರಾ?"

ಡ್ರೈವರಮ್ಮನಿಗೆ ನಗು ಬಂತು. ಮೇಷ್ಟ್ರು ನಗಲಿಲ್ಲ. ಪತ್ರಿಕೆ ಮಡಚಿ ಕಿಟಕಿಯಾಚೆ ನೋಡುತ್ತ ಕೂತಿದ್ದವರು ನಿಧಾನವಾಗಿ ಹೇಳಿದರು:

"ನಮ್ಮನೆಯವಳಿಗೂ ಹೀಗೇ ಆಗ್ತಿತ್ತು. ನಡುಮಧ್ಯಾಹ್ನ ಫ್ಯಾನಿನ ಕೆಳಗೆ ನಿಂತ್ಕೊಂಡು ಬಿಡೋಳು. ನನ್ನ ವಿದ್ಯಾರ್ಥಿಗಳ ಉತ್ತರಪತ್ರಿಕೆ ಹಾರ್ತವೆ ಅಂತ ನಾನು ಹೋಗಿ ಆರಿಸ್ತಿದ್ದೆ. ಯಾಕೆ ನಿಂತಿದ್ದೀಯ ಅಂತ ಒಂದಿನಾನೂ ಕೇಳ್ಲಿಲ್ಲ."

ಆಕೆ ತೀರಿಕೊಂಡು ಆರು ವರ್ಷವಾಗಿತ್ತು.

ಆಮೇಲೆ ಮೇಷ್ಟ್ರೇ ಇಳಿದು ಹಿಂದಿನ ಬಾಗಿಲು ತೆಗೆದರು. "ಏಳಮ್ಮಾ ಟೈಲರಮ್ಮ, ಮುಂದೆ ಬಾ. ನಿನ್ನ ಕಡೆ ಕಿಂಡಿ ಮುಚ್ಚಿಡು. ನಾನು ಇವಳ ಬೆನ್ನ ಹಿಂದೆ ಕೂತ್ಕೋತೀನಿ, ನಂಗೆ ಗಾಳಿ ಆಗುತ್ತೆ."

"ಪೇಪರ್ ಹಾರಲ್ವಾ?"

"ಹಾರ್ಲಿ ಬಿಡು."

ಡ್ರೈವರಮ್ಮ ಏಸಿಯನ್ನು ಒಂದರಲ್ಲಿಟ್ಟು ಕಾರು ಹೊರಡಿಸಿದಳು. ಟೈಲರಮ್ಮನ ಗಲ್ಲಿಯ ತಿರುವಿನಲ್ಲಿ ಫೋನು ಮೊಳಗಿತು. ಸ್ಪೀಕರಿಗೆ ಹಾಕಿದಳು.

"ಏಸಿ ಸರಿ ಆಯ್ತಾ?"

ಅವಳು ಉತ್ತರಿಸುವ ಮೊದಲೇ ಟೈಲರಮ್ಮ ಫೋನಿನ ಕಡೆ ಬಾಗಿದಳು. ಧ್ವನಿ ಈ ಸಲ ಸಣ್ಣದಿರಲಿಲ್ಲ. "ಸರಿ ಆಯ್ತು ಸಾರ್. ಗಾಡಿ ಇದೇ ಇರ್ಲಿ, ಡ್ರೈವರೂ ಇವರೇ ಇರ್ಲಿ."

ಮುಂದಿನ ಸರದಿಯ ದಿನ, ಅದೇ ಮೂರನೇ ಸಿಗ್ನಲ್ಲಿನಲ್ಲಿ, ಡ್ರೈವರಮ್ಮ "ಬಂತು" ಅಂದಳು. ಟೈಲರಮ್ಮ ಶಾಲು ಎಳೆದುಕೊಂಡು, ತಾನೇ ಕೈಚಾಚಿ ಗಾಳಿಯನ್ನು ನಾಲ್ಕಕ್ಕೆ ತಿರುಗಿಸಿದಳು. ಹಿಂದಿನ ಸೀಟಿನಲ್ಲಿ ಪತ್ರಿಕೆ ಪಟಪಟ ಹಾರತೊಡಗಿತು.